ಹಗ್ಗ ಬಿಟ್ಟವರ ಮನೆತನ

2023 ಸೆಪ್ಟೆಂಬರ್ 12, ಮಂಗಳವಾರ

ಸಿಗರೇಟು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಕೈ ಸುಮ್ಮನಿರುವುದಿಲ್ಲ ಎಂದು ಗೊಣಗಿದ್ದಕ್ಕೆ ಸಬ್ರೀನಾ ಈ ನೋಟುಪುಸ್ತಕ ತಂದುಕೊಟ್ಟಳು. "ಸೇದ್ಬೇಕು ಅನ್ನಿಸ್ದಾಗೆಲ್ಲ ಬರಿಯಮ್ಮ. ಯಾರಿಗೂ ತೋರಿಸ್ಬೇಕಾಗಿಲ್ಲ" ಎಂದಳು. ಐವತ್ತೆಂಟನೇ ವಯಸ್ಸಿನಲ್ಲಿ ಮಗಳು ಕಾಪಿ ಬರೆಸುತ್ತಿದ್ದಾಳೆ.

ಇವತ್ತು ಬರೆಯುವುದಕ್ಕೆ ವಿಷಯವಿದೆ. ನಮ್ಮ ಅರ್ಜಿಯನ್ನು ಪುರಸಭೆಯ ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ. ಎಲೀದೆ ಬೋಸ್ಕೊಲೊ ಮೊಲಾಚೀಮ ಮತ್ತು ಅವರ ಮಗಳು ಸಬ್ರೀನಾ ತಮ್ಮ ಮನೆಹೆಸರಿನಿಂದ 'ಮೊಲಾಚೀಮ' ಎಂಬುದನ್ನು ತೆಗೆಯಬೇಕೆಂದು ಕೋರಿದ್ದಾರೆ, ಕಾರಣ ಹೆಸರು ಅವಮಾನಕರ, ಆಕ್ಷೇಪಣೆ ಇರುವವರು ಮೂವತ್ತು ದಿನದೊಳಗೆ ವೆನಿಸ್‌ನಲ್ಲಿರುವ ಜಿಲ್ಲಾಧಿಕಾರಿ ಪ್ರಿಫೆಕ್ಟರಿಗೆ ತಿಳಿಸತಕ್ಕದ್ದು. ನಾನು ಮೂರು ಸಲ ಓದಿದೆ. ಹಿಂದೆ ನಿಂತು ಇನ್ನಾರೋ ಓದುತ್ತಿದ್ದರು, ತಿರುಗಿ ನೋಡಲಿಲ್ಲ.

ನಮ್ಮೂರು ಕಿಯೋಜಾದಲ್ಲಿ ಕಲ್ಲೆಸೆದರೆ ಒಬ್ಬ ಬೋಸ್ಕೊಲೊ ತಲೆಯ ಮೇಲೇ ಬೀಳುತ್ತದೆ. ನಾನು ಅಂಗಡಿ ಇಟ್ಟಿರುವ ಮೀನುಪೇಟೆಯೊಂದರಲ್ಲೇ ನಾವು ಹನ್ನೊಂದು ಜನ. ಅದಕ್ಕೇ ಮನೆಗೊಂದು ಅಡ್ಡಹೆಸರು. ಅದು ಬಾಯಿಮಾತಿನದಲ್ಲ, ಗುರುತಿನ ಚೀಟಿಯಿಂದ ಗೋರಿಕಲ್ಲಿನವರೆಗೂ ಬರುತ್ತದೆ. ನಮ್ಮ ಪಾಲಿಗೆ ಬಂದದ್ದು ಮೊಲಾಚೀಮ, ಹಗ್ಗ ಬಿಟ್ಟವನು. ಎರಡು ದೋಣಿ ಜೋಡಿಯಾಗಿ ನಡುವೆ ಒಂದೇ ಬಲೆ ಎಳೆಯುತ್ತಿದ್ದ ಕಾಲ. ಬೋರಾ ಬಿರುಗಾಳಿ ಎದ್ದ ದಿನ ಆಂಜೆಲೊ ಬೋಸ್ಕೊಲೊ ಎಂಬವನು ತನ್ನ ಕಡೆಯ ಹಗ್ಗ ಬಿಟ್ಟು ದಡ ಸೇರಿಕೊಂಡ. ಬಲೆಯ ಭಾರವೆಲ್ಲ ಒಂದೇ ಕಡೆಗೆ ಬಿದ್ದು ಜೋಡಿಯ ಇನ್ನೊಂದು ದೋಣಿ ಮಗುಚಿತು. ಅವನ ದಾಯಾದಿ ಸಾಂತೆ, ಜೊತೆಗೆ ಇಬ್ಬರು ಆಳುಗಳು ನೀರುಪಾಲಾದರು. ಆ ಆಂಜೆಲೊ ನಮ್ಮ ಮುತ್ತಜ್ಜನ ಅಪ್ಪ. ಇದೆಲ್ಲ ನನಗೆ ಗೊತ್ತಿರುವುದೇ, ಆದರೂ ಸಿಟ್ಟು ಬಂದಾಗ ಮೊದಲಿನಿಂದ ಹೇಳುವ ಚಟ ನನ್ನದು.

ಸಬ್ರೀನಾಳಿಗೆ ಅಪ್ಪನಾಗಬೇಕಾಗಿದ್ದವನು ಆಂಕೋನಾದ ಹಡಗು ಹತ್ತಿ ಹೋದ ವರ್ಷ, 'ಮೊಲಾಚೀಮಳನ್ನೇ ಬಿಟ್ಟು ಹೋದನಲ್ಲ' ಎಂದು ಇಡೀ ಪೇಟೆ ನಕ್ಕಿತ್ತು. ಹಾಗಾಗಿ ಮಗಳಿಗೂ ನನ್ನದೇ ಹೆಸರು. ಶಾಲೆಯಲ್ಲಿ ಹಗ್ಗಜಗ್ಗಾಟದ ದಿನ ಅವಳನ್ನು ಯಾರೂ ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಈಗ ಈ ಹೆಸರಿನವರು ನಾವಿಬ್ಬರೇ ಉಳಿದಿದ್ದೇವೆ. ನವೆಂಬರ್ ಕೊನೆಗೆ ಅವಳಿಗೆ ಹೆರಿಗೆ. ಗಂಡ ದಾವಿದೆಯ ಮನೆಹೆಸರು ಮಂತೊವಾನ್. "ಬರೀ ಬೋಸ್ಕೊಲೊ ಆದ್ರೆ ದಾವಿದೆ ಹೆಸ್ರಿನ್ ಜೊತೆ ನಮ್ಮದನ್ನೂ ಮಗೂಗೆ ಇಡ್ತೀನಿ. ಮೊಲಾಚೀಮ ಇದ್ರೆ ಬೇಡಮ್ಮ, ಮಂತೊವಾನ್ ಒಂದೇ ಸಾಕು. ನಾನು ಅನುಭವಿಸಿದ್ದು ನನ್ನ ಕೂಸಿಗೆ ಬೇಡ" ಎಂದಿದ್ದಾಳೆ. ತಪ್ಪೇನಿಲ್ಲ. ಯಾರೂ ಆಕ್ಷೇಪಿಸದಿದ್ದರೆ ನವೆಂಬರ್ ಮಧ್ಯದಲ್ಲಿ ಆದೇಶ ಬರುತ್ತದೆ. ಯಾರು ಆಕ್ಷೇಪಿಸುತ್ತಾರೆ?

ಸೆಪ್ಟೆಂಬರ್ 14

ಪಕ್ಕದ ಅಂಗಡಿಯ ಸಿಲ್ವಾನೊ ಈ ಎರಡು ದಿನ ನನ್ನನ್ನು ಕೆಣಕಿಲ್ಲ. ಐವತ್ತು ವರ್ಷದಿಂದ ದಿನ ಬೆಳಗಾದರೆ "ಎಲೀದೆ, ಹಗ್ಗ ಗಟ್ಟಿಯಾಗಿ ಹಿಡ್ಕೊಂಡಿದೀಯೇನೇ?" ಎನ್ನುತ್ತಿದ್ದವನು ತಲೆ ತಗ್ಗಿಸಿ ಬೊಂಡಾಸ್ ಮೀನು ಸೀಳುತ್ತಿದ್ದಾನೆ. ಅವನೂ ಬೋಸ್ಕೊಲೊನೇ, ಆದರೆ ಬೋಸ್ಕೊಲೊ ಸಾಂತೊಲೊ. ಸಾಂತೊಲೊ ಎಂದರೆ ನಮ್ಮಲ್ಲಿ ಧರ್ಮತಂದೆ. ಅವರ ಹಿರಿಯನೊಬ್ಬ ಅನಾಥ ಮಕ್ಕಳನ್ನು ಸಾಕಿದ್ದನಂತೆ. ಅಂಥ ಹೆಸರನ್ನು ಅಂಗಡಿಯ ಕೆಂಪು ಪರದೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಹೊಲಿಸಿಕೊಂಡಿದ್ದಾನೆ. ಹೆಸರು ಚೆನ್ನಾಗಿದ್ದರೆ ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು.

ಸೆಪ್ಟೆಂಬರ್ 29, ಶುಕ್ರವಾರ

ಆಕ್ಷೇಪಣೆ ಬಂದಿದೆ! ವೆನಿಸ್‌ನಿಂದ ಲಕೋಟೆ. ಒಂದು ತಿಂಗಳೊಳಗೆ ಉತ್ತರ ಕೊಡಬೇಕಂತೆ. ಆಕ್ಷೇಪಿಸಿದವರು: ಸಿಲ್ವಾನೊ ಬೋಸ್ಕೊಲೊ ಸಾಂತೊಲೊ. ಕಾರಣ: 'ಈ ಹೆಸರು ಅಳಿಯಬಾರದು.'

ಗಿರಾಕಿಗಳು ನಿಂತಿರುವಾಗಲೇ ಹೋಗಿ ಆ ಕಾಗದವನ್ನು ಅವನ ಬೂತಾಯಿ ಮೀನಿನ ರಾಶಿಯ ಮೇಲೆ ಬಡಿದೆ.

"ಇದೇನೋ ಇದು? ನಿನಗೆ ದಿನಾ ಆಡ್ಕೊಂಡು ನಗೋಕೆ ಬೇರೆ ಏನೂ ಸಿಗಲ್ಲ ಅಂತ ನನ್ನ ಹೆಸ್ರಿಗೆ ಜೋತುಬಿದ್ದಿದೀಯಾ?"

"ಹಾಗಲ್ಲ ಕಣೇ."

"ಮತ್ತೆ ಹೇಗೆ? ಹೇಳು, ಎಲ್ರೂ ಕೇಳ್ಲಿ."

ಅವನು ಸುತ್ತ ನೋಡಿದ. ಚಾಕು ಒರೆಸಿದ. "ಹೇಳೋಕಾಗಲ್ಲ" ಎಂದ.

ಹೇಳೋಕಾಗುವುದಿಲ್ಲವಂತೆ. ಸರಿ, ಹೇಳಬೇಡ. ಆ ಹಳೆಯ ಕಥೆಯೇ ಸುಳ್ಳೆಂದು ನಾನು ಸಾಬೀತು ಮಾಡುತ್ತೇನೆ. ಬಿರುಗಾಳಿಯೇ ಬಂದಿರಲಿಲ್ಲವೋ, ಹಗ್ಗ ತಾನೇ ತುಂಡಾಯಿತೋ, ಏನೋ ಒಂದು ಸಿಕ್ಕೇ ಸಿಗುತ್ತದೆ. ಹೆಸರನ್ನು ಕಿತ್ತು ಕಾಲುವೆಗೆ ಎಸೆಯದಿದ್ದರೆ ನಾನು ಎಲೀದೆಯಲ್ಲ.

ಅಕ್ಟೋಬರ್ 2, ಸೋಮವಾರ

ಪೇಟೆಗೆ ರಜೆ. ಚರ್ಚಿನ ದಫ್ತರದ ಕೋಣೆಗೆ ಹೋದೆ. ನನಗೆ ಲ್ಯಾಟಿನ್ ಕಲಿಸಲಾಗದೆ ಸೋತ ಓಲಿಂಟೊ ಮೇಷ್ಟ್ರು ನಿವೃತ್ತಿಯ ನಂತರ ಅಲ್ಲಿ ಹಳೆಯ ಪುಸ್ತಕಗಳನ್ನು ಕಾಯುತ್ತಾರೆ. ಎಂಬತ್ತೆರಡು ವರ್ಷ. ನನ್ನನ್ನು ಕಂಡು ಕನ್ನಡಕ ಏರಿಸಿದರು.

"ಬೋಸ್ಕೊಲೊ? ಇಲ್ಲಿ ನಲವತ್ತು ಸಾವಿರ ಬೋಸ್ಕೊಲೊಗಳು ಮಲಗಿದಾರೆ ತಾಯಿ. ಯಾರನ್ನ ಎಬ್ಬಿಸ್ಲಿ?"

"ಮೊಲಾಚೀಮನ್ನ ಎಬ್ಬಿಸಿ ಮೇಷ್ಟ್ರೆ. ಎರಡು ಏಟು ಹಾಕೋದಿದೆ."

ಮೂರು ಗಂಟೆ ಧೂಳು ಕುಡಿದದ್ದೇ ಬಂತು. ಬರೀ ಆಂಜೆಲೊಗಳು, ಫೆಲೀಚೆಗಳು. ನಮ್ಮವರಿಗೆ ಹೆಸರಿಡುವುದಕ್ಕೂ ಸೋಮಾರಿತನ. ಮೊಮ್ಮಗನಿಗೆ ಅಜ್ಜನ ಹೆಸರು, ಮುಗಿಯಿತು. ಬರುವಾಗ ಮೇಷ್ಟ್ರಿಗೆ ಒಂದು ಪೊಟ್ಟಣ ಮರುವಾಯಿ ಚಿಪ್ಪು ಕೊಟ್ಟೆ. "ಇದು ಲಂಚ ಅಲ್ಲ ತಾನೇ?" ಎಂದರು. "ಲಂಚವೇ" ಎಂದೆ.

ಅಕ್ಟೋಬರ್ 9, ಸೋಮವಾರ

ಬಿರುಗಾಳಿ ನಿಜ. 1859ರ ನವೆಂಬರ್. ಮೂವರ ಹೆಸರಿನ ಮುಂದೆ 'ಸಮುದ್ರದಲ್ಲಿ, ದೇಹ ಸಿಕ್ಕಿಲ್ಲ' ಎಂದಿದೆ. ಸಾಂತೆ ಬೋಸ್ಕೊಲೊ, ಮೂವತ್ತನಾಲ್ಕು ವರ್ಷ, ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡವಳು, ಮೂರು ಮಕ್ಕಳು. ಇಷ್ಟು ವರ್ಷ ಬೈಗುಳವನ್ನು ಮಾತ್ರ ಕೇಳಿದ್ದೆ, ಸತ್ತವರ ವಯಸ್ಸನ್ನು ಕೇಳಿರಲಿಲ್ಲ.

ಆಮೇಲೆ ಮೇಷ್ಟ್ರು ನಮ್ಮ ಆಂಜೆಲೊ ಹುಟ್ಟಿದ ವರ್ಷ ಕೇಳಿದರು. ಗೋರಿಕಲ್ಲಿನಲ್ಲಿದೆಯಲ್ಲ, ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ನಾನೇ ಉಜ್ಜಿ ತೊಳೆಯುತ್ತೇನೆ. 1851 ಎಂದೆ.

ಮೇಷ್ಟ್ರು ಪೆನ್ಸಿಲು ಕೆಳಗಿಟ್ಟರು. "ಲೆಕ್ಕದಲ್ಲೂ ನೀನು ದಡ್ಡಿಯೇ. ಐವತ್ತೊಂಬತ್ತರಲ್ಲಿ ಅವನಿಗೆ ಎಷ್ಟು ವರ್ಷ?"

ಎಂಟು! ಎಂಟು ವರ್ಷದ ಮಗು ಯಾವ ದೋಣಿ ನಡೆಸೀತು, ಯಾವ ಹಗ್ಗ ಬಿಟ್ಟೀತು? ಐವತ್ತು ವರ್ಷದಿಂದ ಉಜ್ಜುತ್ತಿರುವ ಕಲ್ಲಿನ ಮೇಲೇ ಇತ್ತು. ಊರಿಗೆ ಊರೇ ಆ ಕಲ್ಲಿನ ಮುಂದೆ ಹಾದುಹೋಗಿದೆ, ಒಬ್ಬರೂ ಲೆಕ್ಕ ಹಾಕಿ ನೋಡಲಿಲ್ಲ. ನಾನಂತೂ ಕತ್ತೆ.

ಅವನ ನಾಮಕರಣದ ಪುಟ ತೆಗೆದೆವು. ತಂದೆಯ ಹೆಸರು ಸಾಂತೆ. ನಮ್ಮ ಆಂಜೆಲೊ ಹಗ್ಗ ಬಿಟ್ಟವನಲ್ಲ, ಮುಳುಗಿದವನ ಮಗ.

ಮನೆಗೆ ಬಂದು ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ತೊಳಸುತ್ತ ನಿಂತವಳು ತಳ ಹಿಡಿಸಿಬಿಟ್ಟೆ. ಹಗ್ಗ ಬಿಟ್ಟ ಆಂಜೆಲೊ ಬೇರೆಯೇ ಇದ್ದಾನೆ. ಯಾರವನು? ಅವನ ಮಸಿ ನಮ್ಮ ಮುಖಕ್ಕೆ ಹೇಗೆ ಬಂತು?

ಅಕ್ಟೋಬರ್ 16, ಸೋಮವಾರ

ಸಿಕ್ಕಿತು.

ಪಾದ್ರಿಗಳು ಮನೆಮನೆಗೆ ಹೋಗಿ ಯಾರ ಮನೆಯಲ್ಲಿ ಯಾರಿದ್ದಾರೆಂದು ಬರೆದಿಡುತ್ತಿದ್ದ ಪುಸ್ತಕ, 1871ರದು. ಒಂದೇ ಮನೆಯಲ್ಲಿ ಇಬ್ಬರು ಆಂಜೆಲೊ ಬೋಸ್ಕೊಲೊ. ಒಬ್ಬ ನಲವತ್ತಾರರವನು, ಇನ್ನೊಬ್ಬ ಇಪ್ಪತ್ತರವನು. ಸರ್ಕಾರ ಆ ವರ್ಷವೇ ಹೊಸದಾಗಿ ಹುಟ್ಟು ಸಾವು ಬರೆಯಲು ತೊಡಗಿತ್ತು, ಪ್ರತಿ ಬೋಸ್ಕೊಲೊಗೂ ಗುರುತಿಗೊಂದು ಅಡ್ಡಹೆಸರು ಬೇಕಿತ್ತು. ದೊಡ್ಡವನ ಮುಂದೆ 'ಸಾಂತೊಲೊ', ಚಿಕ್ಕವನ ಮುಂದೆ 'ಮೊಲಾಚೀಮ'. ಅಂಚಿನಲ್ಲಿ ಇರುವೆಯಂಥ ಅಕ್ಷರ. ಮೇಷ್ಟ್ರು ಭೂತಗನ್ನಡಿ ಹಿಡಿದು ಓದಿದರು, ನಾನು ಬರೆದುಕೊಂಡೆ:

'ಹಿರಿಯ ಆಂಜೆಲೊನನ್ನು ಊರು ಬೆನ್ನ ಹಿಂದೆ ಮೊಲಾಚೀಮ ಎನ್ನುತ್ತದೆ, ಆ ದಿನ ಹಗ್ಗ ಬಿಟ್ಟವನು ಅವನೇ. ಮುಳುಗಿದ ಸಾಂತೆಯ ಮೂರು ಮಕ್ಕಳನ್ನೂ ತನ್ನ ಮನೆಗೆ ತಂದು ಸಾಕಿದ. ಮಕ್ಕಳು ಅವನನ್ನು ಸಾಂತೊಲೊ ಎಂದು ಕರೆಯುತ್ತವೆ. ಹೆಸರು ಬರೆಸುವ ದಿನ ಸಾಂತೆಯ ಮಗ ಕೆಟ್ಟ ಹೆಸರನ್ನು ತನಗೆ ಬರೆಯಿರಿ, ಒಳ್ಳೆಯದನ್ನು ಅವನಿಗೆ ಬರೆಯಿರಿ ಎಂದು ಕೇಳಿಕೊಂಡ. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅದನ್ನೇ ಹೇಳಿದ.'

ಮೇಷ್ಟ್ರು "ಹುಚ್ಚು ಹುಡುಗ" ಎಂದು ಕನ್ನಡಕ ಒರೆಸಿಕೊಂಡರು. ಈ ವಿಷಯ ಪೇಟೆಯ ಬಾಯಿಗೆ ಹೋಗಬಾರದು ಎಂದು ನಾನು ಹೇಳಿದಾಗ "ಸತ್ತವರ ಗುಟ್ಟು ಕಾಯೋದೇ ನನ್ನ ಕೆಲಸ" ಎಂದರು. ಪೇಟೆಗೆ ಹೇಳುವುದಾದರೆ ನಾನೇ ಹೇಳಬೇಕು, ಅದಕ್ಕೆ ಹಾಗೆಂದೆ.

ಪುಟದ ನಕಲು ಏಪ್ರನ್ನಿನ ಜೇಬಿನಲ್ಲಿದೆ. ನಾಳೆ ನನ್ನ ಅಂಗಡಿಯ ಮುಂದೆ ತೂಗುಹಾಕುತ್ತೇನೆ. ಹಗ್ಗ ಬಿಟ್ಟವನು ಸಿಲ್ವಾನೊನ ಮುತ್ತಜ್ಜನ ಅಪ್ಪ! ಐವತ್ತು ವರ್ಷದ ಬಾಕಿಯೆಲ್ಲ ಒಂದೇ ಬೆಳಿಗ್ಗೆ ತೀರುತ್ತದೆ.

ಅಕ್ಟೋಬರ್ 17

ಮಳೆ. ಕಾಗದ ನೆನೆಯುತ್ತಿತ್ತು. ನಾಳೆ.

ಅಕ್ಟೋಬರ್ 18

ಸಿಲ್ವಾನೊನ ಮೊಮ್ಮಗಳು ಶಾಲೆಯಿಂದ ಬಂದು ಅಜ್ಜನ ಅಂಗಡಿಯಲ್ಲೇ ಕೂತಿದ್ದಳು. ಮಗುವಿನ ಎದುರು ಬೇಡ ಅನ್ನಿಸಿತು.

ಅಕ್ಟೋಬರ್ 20

ಗಿರಾಕಿಗಳು ಹೆಚ್ಚು, ಪುರುಸೊತ್ತಿರಲಿಲ್ಲ.

ಅಕ್ಟೋಬರ್ 24, ಮಂಗಳವಾರ

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಕಲ್ಲುಚಪ್ಪಡಿ ತೊಳೆದು ಹೋದರು. ಸಿಲ್ವಾನೊ ಒಬ್ಬನೇ ಮಂಜುಗಡ್ಡೆ ಬಾಚುತ್ತಿದ್ದ. ನಕಲು ತೆಗೆದು ಅವನ ಮುಂದೆ ಹಿಡಿದೆ. ಓದಲಿಲ್ಲ. ನೋಡಿದ್ದಷ್ಟೇ.

"ಸಿಕ್ತಾ" ಎಂದ.

"ನಿನಗೆ ಗೊತ್ತಿತ್ತಾ?"

"ಅಜ್ಜ ಸಾಯೋ ಮುಂಚೆ ಹೇಳಿದ್ದ. ನಮ್ಮನೇಲಿ ಹಿರಿಮಗನಿಗೆ ಮಾತ್ರ ಹೇಳ್ತಾರೆ. ನನಗೆ ಆವಾಗ ಹದಿನಾಲ್ಕು ವರ್ಷ. ಯಾವತ್ತಾದ್ರೂ ಧೈರ್ಯ ಬಂದ್ರೆ ಮೊಲಾಚೀಮದವರಿಗೆ ಹೇಳಿಬಿಡು ಅಂದಿದ್ದ."

"ನಲವತ್ತಾರು ವರ್ಷ ಧೈರ್ಯ ಬರ್ಲಿಲ್ವೇನೋ? ಅದರ ಮೇಲೆ ದಿನಾ ನನ್ನೇ ಆಡ್ಕೊಳ್ತಿದ್ಯಲ್ಲೋ ಬೇವಾರ್ಸಿ!"

"ನೀನು ತಿರುಗಿ ಬಿದ್ದು ಬಾಯಿಗೆ ಬಂದ ಹಾಗೆ ಬೈಯ್ಯೋಳು. ಬೈದ್ರೆ ಸ್ವಲ್ಪ ಹಗುರ ಆಗೋದು ಕಣೇ."

ಇದನ್ನು ಕೇಳಿ ನನಗೆ ನಗು ಬಂತು. ಬರಬಾರದಿತ್ತು, ಬಂತು. ಹಾಗಾದರೆ ಆಕ್ಷೇಪಣೆ ಯಾಕೆ ಹಾಕಿದೆ ಎಂದು ಕೇಳಿದೆ.

"ಆ ಹುಡುಗ ಮಾಡಿದ್ದಕ್ಕೆ ಉಳಿದಿರೋ ಗುರುತು ಅದೊಂದೇ ಅಲ್ವಾ? ನೀನು ಕಿತ್ತುಹಾಕಿದ್ರೆ ಅವನು ಏನೂ ಮಾಡೇ ಇಲ್ಲ ಅಂತಾಗುತ್ತೆ." ಅವನು ಸಲಿಕೆ ಗೋಡೆಗೆ ಒರಗಿಸಿದ. "ನಾಳೆ ತೂಗುಹಾಕು. ನಾನೇನೂ ಅನ್ನಲ್ಲ. ಪರದೆ ನಾನೇ ಇಳಿಸ್ತೀನಿ."

ನಾನು ಕಾಗದ ಮಡಚಿ ಜೇಬಿಗಿಟ್ಟೆ. ಯಾಕೋ, ಅವನ ಮುಖ ನೋಡಿದರೆ ತೂಗುಹಾಕಲು ಮನಸ್ಸು ಬರಲಿಲ್ಲ. ನನ್ನ ಬಾಯಿಂದ ಬಂದದ್ದು ಇದು: "ಕೊಟ್ಟಿದ್ದನ್ನ ವಾಪಸ್ ಕೇಳೋ ವಂಶ ಅಲ್ಲ ನಮ್ಮದು. ನೀನು ಬಾಯಿ ಬಿಟ್ಟೀಯಾ, ಹುಷಾರ್."

ಅಕ್ಟೋಬರ್ 30, ಸೋಮವಾರ

ವೆನಿಸ್‌ಗೆ ಹೋಗಿ ಅರ್ಜಿ ಹಿಂತೆಗೆದುಕೊಂಡೆ. ಹಿಂತೆಗೆತಕ್ಕೆ ಕಾರಣ ಬರೆಯಿರಿ ಎಂದಳು ಕಿಟಕಿಯ ಹುಡುಗಿ. ನಿಜ ಬರೆಯುವ ಹಾಗಿಲ್ಲ. 'ಮನಸ್ಸು ಬದಲಾಯಿತು' ಎಂದು ಬರೆದೆ. ಇಂಥ ಸಪ್ಪೆ ವಾಕ್ಯವನ್ನು ಜನ್ಮದಲ್ಲಿ ಬರೆದಿರಲಿಲ್ಲ.

ಸಬ್ರೀನಾಳಿಗೆ ಹೇಗೆ ಹೇಳಲಿ?

ನವೆಂಬರ್ 3, ಶುಕ್ರವಾರ

ಪೇಟೆಗೆ ಹಬ್ಬ. "ಮೊಲಾಚೀಮ ಮತ್ತೆ ಬಿಟ್ಟುಕೊಟ್ಟಳು!" ಏಡಿ ಮಾರುವವನಿಂದ ಹಿಡಿದು ಕಾಫಿ ಹುಡುಗಿಯವರೆಗೆ ಎಲ್ಲರಿಗೂ ಬಾಯಿ ಬಂದಿದೆ. ನಗಲಿ ಎಂದು ನನ್ನ ಪಾಡಿಗೆ ಮೀನು ತೂಗಿದೆ. ಸಿಲ್ವಾನೊ ತಲೆ ಎತ್ತಲಿಲ್ಲ. ಒಂದು ಸಲ ಬಾಯಿ ತೆರೆದ. ನಾನು ಗುರಾಯಿಸಿದೆ, ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ನಗು ಇರಲಿಲ್ಲ.

"ಯಾಕಮ್ಮ? ಒಂದು ಕಾರಣ ಹೇಳು."

"ಇದೆ. ಹೇಳೋಕಾಗಲ್ಲ."

"ನಿಂದು ಯಾವಾಗ್ಲೂ ಇದೇ, ನೀನು ಅಂದದ್ದೇ ಆಗ್ಬೇಕು. ಸರಿ. ಮಗೂಗೆ ಮಂತೊವಾನ್ ಅಷ್ಟೇ. ಬೇಜಾರು ಮಾಡ್ಕೋಬೇಡ."

"ನಿನ್ನ ಮಗು, ನಿನ್ನಿಷ್ಟ" ಎಂದೆ. ಅವಳು ವಿಚಿತ್ರವಾಗಿ ನೋಡಿದಳು, ಮೈಗೆ ಹುಷಾರಿಲ್ಲವೇ ಎಂದು ಹಣೆ ಮುಟ್ಟಿದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಮ್ಮ ಹೆಸರು ನಮ್ಮಿಬ್ಬರ ಜೊತೆಗೇ ಮುಗಿಯುತ್ತದೆ. ದುಃಖವಾಗುತ್ತಿದೆ, ಆದರೆ ಹೇಳುವುದಿಲ್ಲ.

ನವೆಂಬರ್ 22, ಬುಧವಾರ

ಹೆಣ್ಣು ಮಗು. ಮೂರು ಕಿಲೋ ಇನ್ನೂರು. ನೀವೆಸ್ ಎಂದು ಹೆಸರು. ಮುಷ್ಟಿ ಬಿಚ್ಚುವುದೇ ಇಲ್ಲ. ಬೇರೇನೂ ಬರೆಯಲಾರೆ.

ನವೆಂಬರ್ 24

ಇವತ್ತು ಶುಕ್ರವಾರವಾದರೂ ಸಿಲ್ವಾನೊ ಅಂಗಡಿ ತೆರೆದಿಲ್ಲ. ಇಡೀ ಊರು ಮೀನು ತಿನ್ನುವ ದಿನ! ಅವನ ಗಿರಾಕಿಗಳನ್ನೆಲ್ಲ ನಾನೇ ನೋಡಿಕೊಳ್ಳಬೇಕಾಯಿತು. ಜ್ವರವಿರಬೇಕು, ಸಾಯಲಿ.

ನವೆಂಬರ್ 27, ಸೋಮವಾರ

ಸಂಜೆ ದಾವಿದೆ ಬಂದ. ಬಸ್ಸು ಓಡಿಸುವ ಹುಡುಗ, ಮಾತು ಕಡಿಮೆ. ಮೇಜಿನ ಮೇಲೆ ಮಗುವಿನ ಜನನಪತ್ರ ಇಟ್ಟ. "ಓದಿ ಅತ್ತೆ."

ನೀವೆಸ್ ಬೋಸ್ಕೊಲೊ ಮೊಲಾಚೀಮ ಮಂತೊವಾನ್.

ನಾನು ಕುರ್ಚಿ ಹಿಡಿದುಕೊಂಡೆ.

"ಶುಕ್ರವಾರ ನಿಮ್ಮ ಪೇಟೆಯವರೊಬ್ರು ಆಸ್ಪತ್ರೆಗೆ ಬಂದಿದ್ರು. ರಬ್ಬರ್ ಬೂಟು, ಮೀನಿನ ವಾಸನೆ. ನರ್ಸು ಒಳಗೇ ಬಿಡ್ತಿರ್ಲಿಲ್ಲ. ಒಂದು ಗಂಟೆ ಕೂತು ಸಬ್ರೀನಾ ಹತ್ರ ಮಾತಾಡಿದ್ರು. ಅವರು ಅತ್ತರು, ಇವಳೂ ಅತ್ತಳು. ನನಗೆ ಪೂರ್ತಿ ಅರ್ಥ ಆಗ್ಲಿಲ್ಲ ಅತ್ತೆ, ನಮ್ಮ ರೊವೀಗೊ ಕಡೆ ಒಬ್ಬರಿಗೆ ಒಂದೇ ಹೆಸ್ರು. ಇವತ್ತು ಕಚೇರೀಲಿ ಗುಮಾಸ್ತ 'ಇಷ್ಟುದ್ದದ್ದು ಪೂರ್ತಿ ಬರೀಬೇಕಾ?' ಅಂದ. ಒಂದಕ್ಷರಾನೂ ಬಿಡಬೇಡಿ ಅಂದೆ. ಸಬ್ರೀನಾ ಹಾಗೇ ಹೇಳಿಕಳಿಸಿದ್ಲು."

ಅವನಿಗೆ ಊಟ ಹಾಕಿದೆ. ಎರಡು ಸಲ ಉಪ್ಪು ಹಾಕಿದ್ದೆ, ಪಾಪ, ಸುಮ್ಮನೆ ತಿಂದ.

ನವೆಂಬರ್ 28

"ಬಾಯಿ ಬಿಡ್ಬೇಡ ಅಂದಿದ್ನಲ್ಲೋ?"

"ಪೇಟೇಲಿ ಬಿಡ್ಬೇಡ ಅಂದೆ ಅಂದ್ಕೊಂಡೆ."

ಇಂಥ ಮನುಷ್ಯನ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ.

2024 ಜೂನ್ 4, ಮಂಗಳವಾರ

ಕೂಸಿನ ಕೆಲಸದಲ್ಲಿ ಈ ಪುಸ್ತಕ ಮುಟ್ಟಿಯೇ ಇರಲಿಲ್ಲ. ಇವತ್ತು ಬರೆಯದಿದ್ದರೆ ನಿದ್ದೆ ಬಾರದು.

ಬೆಳಿಗ್ಗೆ ಕಾಫಿ ಹುಡುಗಿ ಓಡಿಬಂದಳು: "ಎಲೀದಕ್ಕ, ಪುರಸಭೆ ಫಲಕ ನೋಡಿದ್ರಾ?" ಪೇಟೆಯ ಅರ್ಧ ಜನ ಆಗಲೇ ಅಲ್ಲಿದ್ದರು. ಯಾರೂ ನಗುತ್ತಿರಲಿಲ್ಲ. ನನ್ನನ್ನು ಕಂಡು ದಾರಿ ಬಿಟ್ಟರು.

'ಸಿಲ್ವಾನೊ ಬೋಸ್ಕೊಲೊ ಸಾಂತೊಲೊ ಎಂಬವರು ತಮ್ಮ ಮನೆಹೆಸರನ್ನು ಬೋಸ್ಕೊಲೊ ಮೊಲಾಚೀಮ ಎಂದು ಬದಲಿಸಬೇಕೆಂದು ಕೋರಿದ್ದಾರೆ. ಕಾರಣ: 1859ರಲ್ಲಿ ಹಗ್ಗ ಬಿಟ್ಟವರು ಅರ್ಜಿದಾರರ ಹಿರಿಯರು. ಅವರು ಹೊರಬೇಕಾಗಿದ್ದ ಹೆಸರನ್ನು ಮುಳುಗಿದವರ ಮಗ ಹೊತ್ತರು. ಆಕ್ಷೇಪಣೆ ಇರುವವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು.'

ಊರೆಲ್ಲ ಓದುವ ಹಾಗೆ ತನ್ನ ಕೈಯಾರೆ ಬರೆದುಕೊಟ್ಟಿದ್ದಾನೆ. ವಾಪಸ್ ಬಂದರೆ ಅವನ ಅಂಗಡಿಯ ಮೇಲಿನ ಪರದೆ ಬೋಳು. ಹೆಸರಿನ ಹೊಲಿಗೆ ಬಿಚ್ಚಿಸಿಬಿಟ್ಟಿದ್ದಾನೆ.

"ಇದೇನೋ ನಿನ್ನ ಅವತಾರ?"

"ನೂರೈವತ್ತು ವರ್ಷ ನಿಮ್ಮವರು ಹೊತ್ರು. ಸಾಕು ಕಣೇ ಎಲೀದೆ. ನಮ್ಮದನ್ನ ನಾವು ಹೊರ್ತೀವಿ."

ಪೇಟೆಯೆಲ್ಲ ನಮ್ಮನ್ನೇ ನೋಡುತ್ತಿತ್ತು. ನನಗೆ ಅವನ ಮೇಲೆ ಅಷ್ಟು ಪ್ರೀತಿ ಬಂತು, ಅದರ ಎರಡರಷ್ಟು ಸಿಟ್ಟೂ ಬಂತು. ಅಂಗಡಿಯನ್ನು ಕಾಫಿ ಹುಡುಗಿಗೆ ಒಪ್ಪಿಸಿ ಏಪ್ರನ್ನಿನಲ್ಲೇ ಸಬ್ರೀನಾಳ ಮನೆಗೆ ಹೋದೆ. ಅವಳನ್ನೂ ಕೂಸನ್ನೂ ಎಬ್ಬಿಸಿಕೊಂಡು ದಾವಿದೆ ಓಡಿಸುವ ಬಸ್ಸಿನಲ್ಲೇ ವೆನಿಸ್‌ಗೆ ಹೊರಟೆವು. ಕಿಟಕಿಯಲ್ಲಿ ಅದೇ ಹುಡುಗಿ ಇದ್ದಳು. ನನ್ನನ್ನು ಗುರುತಿಸಿ "ಮತ್ತೆ ಮನಸ್ಸು ಬದಲಾಯ್ತಾ ಮೇಡಂ?" ಎಂದಳು.

"ಇಲ್ಲ. ಆಕ್ಷೇಪಣೆ ಇದೆ" ಎಂದೆ.

ಮೂರು ಸಾಲು ಬರೆದೆ. ಸಬ್ರೀನಾ ಓದಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕೂಸಿನ ಹೆಬ್ಬೆರಳಿಗೂ ಶಾಯಿ ಹಚ್ಚಿ ಒತ್ತಿಸಿದೆ. ಅದು ಕಾನೂನಿನಲ್ಲಿ ನಡೆಯುವುದಿಲ್ಲ ಎಂದಳು ಕಿಟಕಿಯವಳು. ಇರಲಿ, ಅಳಿಸಬೇಡ ಎಂದೆ.

'ಈ ಹೆಸರು ನಮ್ಮದು. ನಮ್ಮ ಹುಡುಗ ಕೇಳಿ ಪಡೆದದ್ದು. ಬೇರೆ ಯಾರಿಗೂ ಕೊಡುವುದಿಲ್ಲ.'